ಚೈನ್‌ವೀಲ್ ಹಿಂದಿನ ಕುಂಕುಮ

ಅಪ್ಪಾ,

ನೀನು ತೀರ್ಕೊಂಡು ಆರು ತಿಂಗಳಾಯ್ತು. ಯಾಕೆ ಬರೀತಿದ್ದೀನೋ ನಂಗೇ ಗೊತ್ತಿಲ್ಲ. ಸಿ.ವಿ. ರಾಮನ್ ನಗರದ ಏರಲ್ಲಿ ನನ್ನ ಸೈಕಲ್ ಚೈನ್ ಜಾರ್ತಿತ್ತು. ಇವತ್ತು ಸೈಕಲ್ ತಲೆಕೆಳಗೆ ನಿಲ್ಸಿ, ಸೀಮೆಎಣ್ಣೆ ಬಟ್ಟೇಲಿ ಒಂದೊಂದೇ ಕೊಂಡಿ ಒರೆಸ್ದೆ. ನೋಡಿದ್ರೆ ಪೆಡಲ್ ಹತ್ರ ಇರೋ ಹಲ್ಲಿನ ಚೈನ್‌ವೀಲ್ ಹಿಂದುಗಡೆ, ಕೈ ಹೋಗೋದೇ ಕಷ್ಟ ಅನ್ನೋ ಜಾಗದಲ್ಲಿ, ಕುಂಕುಮದ ಮೂರು ಬೊಟ್ಟು.

ಹೋದ ಆಯುಧಪೂಜೆ ದಿನ ನಾನೇ ರೇಗಿದ್ದೆ: "ಚೈನಿಗೆ ಕುಂಕುಮ ಹಚ್ಬೇಡಪ್ಪ, ಎಣ್ಣೇಲಿ ಸೇರ್ಕೊಂಡು ಹಲ್ಲು ಸವೆಯುತ್ತೆ." ನೀನು "ಆಯ್ತು ಹಂಸಮ್ಮ" ಅಂತ ಒರೆಸ್ಬಿಟ್ಟೆ.

ಮತ್ತೆ ಇದನ್ನ ಯಾವಾಗ ಇಟ್ಟೆ? ಮಂಡಿ ಮಡಚೋಕೇ ಆಗ್ತಿರ್ಲಿಲ್ವಲ್ಲ, ಹೇಗೆ ಕೂತೆ? ಹಲ್ಲಿಗೆ ಮಾತ್ರ ಒಂಚೂರೂ ತಾಗಿಸಿಲ್ಲ.

ಚೈನೆಲ್ಲ ಒರೆಸಾಯ್ತು. ಬೊಟ್ಟಿನ ಹತ್ರ ಬಂದು ಕೈ ನಿಂತ್ಬಿಟ್ಟಿದೆ. ಕೊಳೆ ಅಂತ ಒರೆಸ್ಲಾ, ಹೇಳಪ್ಪ?