ಮಿಲ್ ಬೀದಿಯ ಗ್ರಂಥಾಲಯಕ್ಕೆ ಓದಿದ ಪದ್ಯ

ಮಾರ್ಚ್ ೧೧, ಮಂಗಳವಾರ

ಆ ಚಪ್ಪಾಳೆ ಇನ್ನೂ ಕಿವಿಯನ್ನು ಕಡಿಯುತ್ತಿದೆ.

ನಮ್ಮೂರಲ್ಲಿ ಪುರಸಭೆಯ ಕಲಾಪ ಶುರುವಾಗುವುದು ನಗರಕವಿಯ, ಅಂದರೆ ನನ್ನ, ಪದ್ಯದಿಂದ. ಆಮೇಲೆ ಜನರ ಅಹವಾಲು, ಕೊನೆಗೆ ಮತ. ಈ ಪದವಿಯಲ್ಲಿ ನಗವಿಲ್ಲ, ನಗದಿಲ್ಲ. ಇವತ್ತು ನಗುವೂ ಹೋಯಿತು.

ಗ್ರಂಥಾಲಯ ಮುಚ್ಚಬೇಡಿ ಎಂದು ಜಗಳಕ್ಕೇ ಬಂದಿದ್ದರು ಜನ. ಸದಸ್ಯರ ಮನಸ್ಸು ಕರಗಲಿ ಎಂದು ನಾನು ಅಳಿಸುವ ಪದ್ಯವನ್ನೇ ಓದಿದೆ. ಕರಗಿದ್ದು ಜನ; ಅಳುತ್ತಲೇ ಚಪ್ಪಾಳೆ ತಟ್ಟಿದರು. ಮೇಯರ್ ವೆಲ್ಡನ್ ಒಬ್ಬೊಬ್ಬರನ್ನೇ ಮಾತಿಗೆ ಕರೆದರೆ, “ಕವಿಗಳು ಎಲ್ಲಾ ಹೇಳ್ಬಿಟ್ರಲ್ಲ, ಇನ್ನೇನಿದೆ?” ಎಂದು ಮೂಗೊರೆಸಿಕೊಂಡು ಕೂತರು. ಸದಸ್ಯರು ಮತ ಹಾಕಿದರು, ಮುಚ್ಚಿದರು. ವೆಲ್ಡನ್ ನನ್ನ ಬೆನ್ನು ತಟ್ಟಿ, “ಇಷ್ಟು ಚೆನ್ನಾಗಿ ಬೀಳ್ಕೊಟ್ರಿ, ಯಾರಿಗೂ ಬೇಜಾರೇ ಆಗ್ಲಿಲ್ಲ ನೋಡಿ!” ಎಂದ.

ಗ್ರಂಥಪಾಲಕಿ ಒಡೆಟ್ ಕಾರಿನ ಹತ್ತಿರ ಕಾದಿದ್ದಳು. “ಇನ್ನೂ ಉಸಿರಾಡ್ತಿತ್ತು ಕಣಯ್ಯಾ. ಬಂದೋರ ಕೈಗೆಲ್ಲ ಹಿಡಿಮಣ್ಣು ಕೊಟ್ಬಿಟ್ಯಲ್ಲ!”

ಕಾರಿನ ಕೀಲಿ ಹುಡುಕುವವನಂತೆ ಜೇಬು ತಡಕಿದೆ. ಮಾತಿನ ಮಲ್ಲನಂತೆ ನಾನು!

ಪದ್ಯವನ್ನು ಹಿತ್ತಾಳೆಯಲ್ಲಿ ಕೆತ್ತಿಸಿ ಗ್ರಂಥಾಲಯದ ಬೀಗ ಬಿದ್ದ ಬಾಗಿಲಿಗೇ ಹಾಕುತ್ತಾರಂತೆ. ಬೇಡ ಎನ್ನಬೇಕಿತ್ತು. ನಾನು ಕೇಳಿದ್ದು, ನನ್ನ ಹೆಸರು ಪದ್ಯದ ಮೇಲೋ ಕೆಳಗೋ ಎಂದು. ಈಗ ಕೂತು ಎರಡನೆಯ ಸಾಲು ತಿದ್ದುತ್ತಿದ್ದೇನೆ, ಅಲ್ಲಿ ಲಯ ಸ್ವಲ್ಪ ಎಡವುತ್ತಿದೆ.