ಮೂರನೇ ಸಲ ನವೀಕರಣವಿಲ್ಲ

ಗ್ರಂಥಾಲಯದ ಮೇಜಿನಿಂದ,
ಮಂಗಳವಾರ, ಮಾರ್ಚ್ ೧೨

ಎಣ್ಣೆ ಮಾವನವರಿಗೆ,

ಶಾಲೆಯ ಮಕ್ಕಳು ನಿಮಗಿಟ್ಟ ಹೆಸರಿನಿಂದಲೇ ಶುರು ಮಾಡಿದ್ದೇನೆ. ಬೇರೆ ನಾಲ್ಕು ಸಂಬೋಧನೆ ಬರೆದು, ನಾಲ್ಕನ್ನೂ ಹೊಡೆದುಹಾಕಿದೆ. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಗಂಡನನ್ನು ಏನೆಂದು ಕರೆಯಬೇಕೋ ತಿಳಿಯದೆ ಕೂತ ಹೆಂಗಸು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು. ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬ ಸಾಲನ್ನೂ ಬಿಟ್ಟಿದ್ದೇನೆ. ನಾನು ಕ್ಷೇಮವಾಗಿಲ್ಲ.

ನೀವು ರಿಪೇರಿ ಪೆಟ್ಟಿಗೆ ಮತ್ತು ಎರಡು ಅಂಗಿ ತೆಗೆದುಕೊಂಡು ಆ ಬಟ್ಟೆ ಕಾರ್ಖಾನೆಯ ಊರಿಗೆ ಹೋಗಿ ಏಳು ತಿಂಗಳಾಯಿತು. ಇನ್ನೂರು ಹೊಲಿಗೆ ಯಂತ್ರಗಳಂತೆ ಅಲ್ಲಿ. ದಿನಕ್ಕೊಂದಾದರೂ ಕೆಟ್ಟು ನಿಮಗೆ ಹೊತ್ತು ಕಳೆಯುತ್ತಿರಬಹುದು. ಇಲ್ಲಿ ಕೇಳಿದವರಿಗೆಲ್ಲ ಒಳ್ಳೆಯ ಕೆಲಸ ಸಿಕ್ಕಿತು, ಅದಕ್ಕೇ ಹೋದರು ಎಂದು ಹೇಳಿಕೊಂಡು ಬಂದಿದ್ದೇನೆ. ಸುಳ್ಳಿನಲ್ಲಿ ನಾನೆಷ್ಟು ಪಳಗಿದ್ದೇನೆ ಎಂಬುದು ಈ ಪತ್ರ ಮುಗಿಯುವಷ್ಟರಲ್ಲಿ ನಿಮಗೆ ತಿಳಿಯುತ್ತದೆ.

ಶನಿವಾರದ ‘ಮನೆಮಂದಿಯ ಓದು’ ಹೇಗೆ ಶುರುವಾಯಿತೆಂದು ನಿಮಗೆ ಗೊತ್ತು. ನಮ್ಮ ಮಗಳು ಹನ್ನೊಂದು ವರ್ಷಕ್ಕೇ ಜ್ವರದಲ್ಲಿ ತೀರಿಹೋದ ಮೇಲೆ ಮನೆಯಲ್ಲಿ ಶನಿವಾರದ ಸಂಜೆ ಕಳೆಯುವುದು ನನ್ನಿಂದಾಗುತ್ತಿರಲಿಲ್ಲ. ಆರು, ಏಳನೆಯ ತರಗತಿಯ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಅಜ್ಜಿಯನ್ನೋ ಕರೆತಂದು ಅರ್ಧ ಗಂಟೆ ಜೊತೆಯಲ್ಲಿ ಓದಬೇಕು. ಆಮೇಲೆ ಎಲ್ಲರೂ ಸೇರಿ ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ, ಟೀ ಕುಡಿದು, ಹರಟಿ ಮನೆಗೆ ಹೋಗಬೇಕು. ನಿಮ್ಮನ್ನು ಮೊದಲು ಕರೆದದ್ದು ಬೆಂಚು ಹೊರುವುದಕ್ಕೆ. ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಅದೇ ವಾಸಿ ಎಂದುಕೊಂಡೆ.

ಯಾರೂ ಜೊತೆಗೆ ಬರದ ಮಕ್ಕಳು ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಅವರಿಗಾಗಿ ‘ಎರವಲು ಹಿರಿಯರು’ ಎಂಬ ಏರ್ಪಾಟು ಮಾಡಿದೆ. ಪುಸ್ತಕಕ್ಕಿರುವ ಹಾಗೇ ಒಂದು ಹಳದಿ ಕಾರ್ಡು. ಕೊಟ್ಟ ದಿನ, ಮರಳಿಸುವ ದಿನ, ಮುದ್ರೆ. ನಿವೃತ್ತ ಅಂಚೆಯವರಿಗೆ ಪ್ರವಾಸ ವಿಭಾಗದ ನಂಬರು, ನಿಮಗೆ ಯಂತ್ರಗಳ ವಿಭಾಗದ್ದು. ‘ಬೆನ್ನು ತುಸು ಬಾಗಿದೆ, ಒಳಗಿನ ಪುಟಗಳು ಗಟ್ಟಿಯಾಗಿವೆ’ ಎಂದು ನಿಮ್ಮ ಕಾರ್ಡಿನ ಮೇಲೆ ಷರಾ ಬರೆದಿದ್ದೆ. ಅದನ್ನು ನೋಡಿ ನೀವು ನಗಲಿಲ್ಲ. ಆಗ ನೀವು ಯಾವುದಕ್ಕೂ ನಗುತ್ತಿರಲಿಲ್ಲ.

ನಿಮ್ಮನ್ನು ಎರವಲು ಪಡೆದವಳು ಪಿಟಿಪಿಟಿ. ಅಮ್ಮನಿಗೆ ಆಸ್ಪತ್ರೆಯಲ್ಲಿ ಆಯಾ ಕೆಲಸ, ಶನಿವಾರವೇ ಪಾಳಿ. ಅಪ್ಪನೆಂಬುವನ ಸುದ್ದಿಯೇ ಇಲ್ಲ. ತುಟಿಯೊಳಗೇ ಪಿಟಿಪಿಟಿ ಎನ್ನುತ್ತ ಓದುವ ಹುಡುಗಿ. ತರಗತಿಯಲ್ಲಿ ಎದ್ದು ಓದು ಎಂದರೆ ಎದ್ದಷ್ಟೇ ಬೇಗ ಕೂತುಬಿಡುತ್ತಿದ್ದಳು. ನೀವು ಮೊದಲ ದಿನವೇ ಕಿವಿಗೆ ಕೈ ಹಿಡಿದು ಅವಳಿಗೆ ಹೇಳಿದಿರಿ, “ಮೆಷಿನ್ ಸದ್ದು ಕೇಳಿ ಕೇಳಿ ನನ್ನ ಕಿವಿ ಹೋಗಿದೆ ಕಣಮ್ಮ, ಸ್ವಲ್ಪ ಜೋರಾಗಿ ಓದು.” ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೂ ಕೇಳಿಸುವ ಕಿವಿ ನಿಮ್ಮದು. ಅವಳು ನಂಬಿದಳು. ಕಿವಿ ಕೇಳದವರಿಗಾಗಿ ಅವಳು ದನಿ ಎತ್ತಿದಳು, ತನಗಾಗಿ ಎಂದಿಗೂ ಎತ್ತುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವಳ ಓದು ವರಾಂಡದ ಆ ತುದಿಗೂ ಕೇಳಿಸುವಂತಾಯಿತು. ಕೈಯ ಮೆಷಿನ್ ಎಣ್ಣೆ ಪುಟಕ್ಕೆ ತಾಗದಿರಲೆಂದು ನೀವು ಬೆರಳಿನ ಗೆಣ್ಣಿನಿಂದ ಹಾಳೆ ಮಗುಚುತ್ತಿದ್ದಿರಿ. ಕಸ ಗುಡಿಸುವಾಕೆ ಪೊರಕೆ ನಿಲ್ಲಿಸಿ ಕೇಳುತ್ತಿದ್ದಳು.

ಮುಖ್ಯೋಪಾಧ್ಯಾಯಿನಿ ಆ ವರ್ಷವೇ ಗೋಡೆಗೊಂದು ಒಳಿತಿನ ಹಲಗೆ ಹಾಕಿಸಿದ್ದರು. ವಾರದಲ್ಲಿ ತಮಗೆ ಯಾರು ಏನು ಒಳ್ಳೆಯದು ಮಾಡಿದರು ಎಂದು ಮಕ್ಕಳು ಚೀಟಿ ಬರೆಯಬೇಕು, ನಾನು ಓದಿ ಹಲಗೆಗೆ ಚುಚ್ಚಬೇಕು. ಪಿಟಿಪಿಟಿಯ ಚೀಟಿಗಳಲ್ಲೆಲ್ಲ ನೀವೇ. ಕಳೆದ ಜುಲೈ‌ನಲ್ಲಿ ಒಂದು ಬಂತು: ‘ನಾನು ಕತ್ತೆಯ ದನಿಯಲ್ಲಿ ಓದಿದಾಗ ಎಣ್ಣೆ ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇದು ಅವರು ನನಗೆ ಮಾಡಿದ ಒಳ್ಳೆಯದು.’

ಅದನ್ನು ಹಿಡಿದುಕೊಂಡು ಭೂಗೋಳದ ಕಪಾಟಿನ ಹಿಂದೆ ಹೋಗಿ ನಿಂತೆ. ಮಗಳು ಹೋದ ಮೇಲೆ ಐದು ವರ್ಷ ಮನೆಯಲ್ಲಿ ನಿಮ್ಮ ಮುಖ ನೋಡಿಕೊಂಡು ಒಂದು ನಗುವಿಗೆ ಕಾದಿದ್ದವಳು ನಾನು. ಆ ನಗು ನನ್ನ ಕಿವಿಗೆ ಬೀಳದೆ ಒಂದು ಚೀಟಿಯಲ್ಲಿ ಬಂದು ಸೇರಿತು. ಹೊಟ್ಟೆಕಿಚ್ಚಾಯಿತು. ಹನ್ನೆರಡು ವರ್ಷದ ಹುಡುಗಿಯ ಮೇಲೆ. ನಮ್ಮ ಮಗಳ ಪಕ್ಕದ ಜಾಗವನ್ನು ನೀವು ನನ್ನನ್ನು ಒಂದು ಮಾತೂ ಕೇಳದೆ ಯಾರಿಗೋ ಕೊಟ್ಟುಬಿಟ್ಟಿರಿ ಅನ್ನಿಸಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ನಾನು ಅವತ್ತು ಎರಡು ಕಡೆಗೂ ಮಾರಿಯಾದೆ. ಆ ಚೀಟಿಯನ್ನು ಹಲಗೆಗೆ ಚುಚ್ಚಲಿಲ್ಲ.

ನಮ್ಮಲ್ಲೊಂದು ನಿಯಮವಿದೆ. ಒಂದು ಪುಸ್ತಕವನ್ನು ಎರಡು ಸಲ ನವೀಕರಿಸಬಹುದು. ಮೂರನೆಯ ಸಲ ಅದು ಕಪಾಟಿಗೆ ವಾಪಸ್ಸು ಬರಲೇಬೇಕು, ಬೇರೆಯವರೂ ಓದಬೇಕಲ್ಲ. ನಿಮ್ಮನ್ನು ಅವಳಿಗೆ ಹನ್ನೊಂದು ಸಲ ನವೀಕರಿಸಿದ್ದೆ, ಆ ನಿಯಮ ನೆನಪಾಗಿರಲಿಲ್ಲ. ಆ ಶನಿವಾರ ನೆನಪಾಯಿತು. ಹಳದಿ ಕಾರ್ಡಿನ ಮೇಲೆ ‘ಮರಳಿದೆ’ ಎಂದು ಮುದ್ರೆ ಒತ್ತಿ ನಿಮ್ಮನ್ನು ಆರನೆಯ ತರಗತಿಯ ಅವಳಿಜವಳಿ ಹುಡುಗರಿಬ್ಬರ ಬೆಂಚಿಗೆ ಕಳಿಸಿದೆ. ಇಪ್ಪತ್ತು ವರ್ಷ ಗ್ರಂಥಪಾಲಕಿಯಾಗಿದ್ದರೆ ಬರುವ ಕಾಯಿಲೆ ಇದು. ಮುದ್ರೆ ಒತ್ತಿದರೆ ನ್ಯಾಯವಾಯಿತು ಅನ್ನಿಸುತ್ತದೆ.

ಮನೆಗೆ ಬಂದು ನೀವು ಕೇಳಿದಿರಿ, “ಮನುಷ್ಯರನ್ನ ಕಪಾಟಿಗೆ ವಾಪಸ್ ಇಡ್ತೀಯಾ?” ಸೋಮವಾರ ಮುಖ್ಯೋಪಾಧ್ಯಾಯಿನಿಯ ಹತ್ತಿರ ಮಾತಾಡುತ್ತೇನೆ ಎಂದೂ ಹೇಳಿದಿರಿ. ಅಷ್ಟು ದಿನಗಳಲ್ಲಿ ನೀವು ಯಾವುದಕ್ಕಾದರೂ ಹಟ ಹಿಡಿದದ್ದು ಅದೇ ಮೊದಲು. ಅದನ್ನು ಕಂಡು ಸಂತೋಷಪಡುವ ಬದಲು ನಾನು ಹೇಳಿದೆ, “ಅವಳೇ ಬೇರೆಯವರು ಬೇಕು ಅಂದ್ಲು. ನಿಮ್ಮ ಹತ್ರ ಎಣ್ಣೆ ವಾಸನೆ ಬರುತ್ತಂತೆ.”

ನೀವು ಅಂಗಿಯ ತೋಳು ಮಡಚಿದಿರಿ. ಬಚ್ಚಲಿಗೆ ಹೋದಿರಿ. ನಲ್ಲಿಯ ನೀರು ಎಷ್ಟೋ ಹೊತ್ತು ಸುರಿಯಿತು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ, ಬಚ್ಚಲ ಬಾಗಿಲಿಗೆ ಬಂದು ಅದು ಸುಳ್ಳು ಎಂದು ಹೇಳಲಿಲ್ಲ. ಮುಂದಿನ ಶನಿವಾರ ನೀವು ಬರಲಿಲ್ಲ. ಅದರ ಮುಂದಿನ ವಾರ ಕಾರ್ಖಾನೆಯ ಮಾತೆತ್ತಿದಿರಿ. ಬಸ್ಸು ಹತ್ತುವಾಗಲೂ ನನ್ನಿಂದ ದೂರ ನಿಂತಿದ್ದಿರಿ, ಕೋಪದಿಂದ ಎಂದುಕೊಂಡೆ. ನನಗೆ ವಾಸನೆ ತಾಗದಿರಲಿ ಎಂದು ನಿಂತಿದ್ದಿರಿ ಎಂಬುದು ಬಸ್ಸು ಹೋದ ಮೇಲೆ ಹೊಳೆಯಿತು.

ಅವಳು ಹಾಗೆ ಹೇಳಿರಲಿಲ್ಲ. ಒಂದಕ್ಷರವೂ ಹೇಳಿರಲಿಲ್ಲ. ಇದನ್ನು ಬರೆಯಲು ಏಳು ತಿಂಗಳು ಹಿಡಿಯಿತು. ಕ್ಷಮಿಸಿ ಎಂದು ಕೇಳುವುದಿಲ್ಲ, ಆ ಪದ ಇದಕ್ಕೆ ಸಾಲುವುದಿಲ್ಲ.

ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಶನಿವಾರ ಅವಳ ಕೊನೆಯ ‘ಮನೆಮಂದಿಯ ಓದು’. ಆಮೇಲೆ ಪರೀಕ್ಷೆ, ರಜೆ, ಊರಿನ ಆ ಕಡೆಯ ಹೈಸ್ಕೂಲು. ನೀವು ಹೋದ ಮೇಲೂ ಅವಳು ಒಂದು ವಾರ ತಪ್ಪಿಸಿಲ್ಲ. ಯಾರನ್ನೂ ಎರವಲು ಕೇಳಿಲ್ಲ. ಓದುವ ಅರ್ಧ ಗಂಟೆ ಪುಸ್ತಕ ತೆರೆದು ತುಟಿ ಬಿಗಿಹಿಡಿದು ಕೂರುತ್ತಾಳೆ, ಈಗ ಆ ಪಿಟಿಪಿಟಿಯೂ ಇಲ್ಲ. ತರಗತಿಯಲ್ಲೂ ಮತ್ತೆ ಬಾಯಿ ಬಿಡುವುದಿಲ್ಲವೆಂದು ಟೀಚರ್ ಬಂದು ಹೇಳಿದರು. ನೀವೇ ಏನಾದರೂ ಮಾಡಿ ಮೇಡಂ, ನಿಮ್ಮ ಹತ್ತಿರ ಬಂದ ಮೇಲೇ ಅವಳು ಮೊದಲು ಓದಲು ಕಲಿತದ್ದು ಎಂದು ನನ್ನನ್ನೇ ಹೊಗಳಿದರು. ಆ ಹೊಗಳಿಕೆ ಕೇಳಿದ ಮೇಲೆ ಇನ್ನು ಮುಚ್ಚಿಡಲಾಗಲಿಲ್ಲ. ನಿನ್ನೆ ಅವಳನ್ನು ಕರೆದು ನಿಜ ಹೇಳಿದೆ.

ಶನಿವಾರ ನಾಲ್ಕು ಗಂಟೆಗೆ ಓದು ಶುರು. ಅಲ್ಲಿಂದ ಹನ್ನೆರಡರ ಬಸ್ಸು ಹಿಡಿದರೆ ಸರಿಹೋಗುತ್ತದೆ. ನನಗಾಗಿ ಬರಬೇಡಿ. ನಾನಿರುವುದು ಬೇಡವೆನಿಸಿದರೆ ಬಾಗಿಲಲ್ಲೇ ಹೇಳಿ, ಬೀಗದ ಕೈಯನ್ನು ಕಸ ಗುಡಿಸುವಾಕೆಗೆ ಕೊಟ್ಟು ಮನೆಗೆ ಹೋಗುತ್ತೇನೆ. ಕೈ ತೊಳೆಯಬೇಕಾಗಿಯೂ ಇಲ್ಲ.

ಇತಿ,
ನಿಮ್ಮ ಹೆಂಡತಿ ಎನ್ನಲು ಬಾಯಿ ಬಾರದ,
ನಮ್ಮ ಮಗಳ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಜಾರಿಕೊಂಡದ್ದು. ಕಾರ್ಡಿಗೆ ಮುದ್ರೆ ಒತ್ತಿದ ದಿನ, ತನ್ನಿಂದ ಏನಾದರೂ ತಪ್ಪಾಯಿತಾ ಎಂದು ಪಿಟಿಪಿಟಿ ನನ್ನ ಮೇಜಿನ ಹತ್ತಿರ ಬಂದು ಕೇಳಿದ್ದಳು. “ನೀನು ಓದೋದು ಕೇಳಿದ್ರೆ ಅವರಿಗೆ ತೀರಿಹೋದ ಮಗಳು ನೆನಪಾಗಿ ಸಂಕಟ ಆಗುತ್ತೆ. ಅವರ ಮೇಲೆ ಪ್ರೀತಿ ಇದ್ರೆ ಇನ್ಮೇಲೆ ಜೋರಾಗಿ ಓದ್ಬೇಡ” ಎಂದಿದ್ದೆ. ಅವಳು ಬಾಯಿ ಮುಚ್ಚಿಕೊಂಡದ್ದು ಅದಕ್ಕೆ, ನಿಮಗೆ ಒಳ್ಳೆಯದಾಗಲಿ ಎಂದು. ನಿನ್ನೆ ಅದೆಲ್ಲ ಸುಳ್ಳು ಎಂದಾಗ ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಇಷ್ಟೇ ಕೇಳಿದಳು, “ಹಾಗಾದ್ರೆ ಇಷ್ಟು ದಿನ ಅವರಿಗೆ ಯಾರು ಓದಿ ಹೇಳ್ತಿದ್ರು?”