ಹಸಿ ಮಣ್ಣಿನ ಊರು

ನವನಗರ, ಬಾಗಲಕೋಟೆ
20 ಮೇ 2024

ಪ್ರೀತಿಯ ಗೆಳತಿ ಮುಮ್ತಾಜ,

ಇಳಕಲ್ಲಿನಲ್ಲಿ ನೀನು, ನಿಮ್ಮವ್ವ ಮಕ್ತುಮಬಿ ಚಿಗವ್ವ ಇಬ್ಬರೂ ಆರಾಮ ಇದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನನ್ನ ಕಲಾಪ್ರದರ್ಶನ ಹಾಳಾಗಿ ಹೋಯಿತು. ಹಾಳು ಮಾಡಿದವಳು ಯಾರು ಅಂತೀ? ನಮ್ಮವ್ವ!

ಅಣೆಕಟ್ಟಿನ ಹಿನ್ನೀರು ಇಳಿದ ಜಾಗದ ಮಣ್ಣು ತಂದು, ಮುಳುಗಿದ ನಮ್ಮ ಹಳೇ ಊರನ್ನು ಇಡೀ ಬೇಸಿಗೆ ಕಟ್ಟಿದ್ದೆ. ಒಂದೊಂದು ಮನೆ ಬೆಲ್ಲದ ಅಚ್ಚಿನಷ್ಟು. ಸುಟ್ಟಿರಲಿಲ್ಲ, ಬಿರಿಯಬಾರದೆಂದು ದಿನಾ ನೀರು ಚಿಮುಕಿಸುತ್ತಿದ್ದೆ. ಕೊನೆಯ ದಿನ ಎಲ್ಲರೆದುರು ನೀರು ಬಿಟ್ಟು ಊರು ಕರಗುವುದನ್ನು ತೋರಿಸಬೇಕೆಂದಿದ್ದೆ. ಊರುಗಳು ಬೆಳೆಯುತ್ತವೆ, ಅಳಿಯುತ್ತವೆ ಎಂಬುದೇ ನನ್ನ ಕಲೆ. ಜಂಬವೂ ಇತ್ತು ಅನ್ನು.

ನಿನ್ನೆ ನಳ ತಿರುಗಿಸಲು ಬಗ್ಗಿದ್ದೆ. ಅವ್ವ ಚಪ್ಪಲಿ ಕಳಚಿ, ಹಗ್ಗ ದಾಟಿ ಒಳಗೆ ಬಂದಳು. ನಮ್ಮ ಓಣಿ ಹುಡುಕಿ ಕುಕ್ಕರಗಾಲಲ್ಲಿ ಕೂತು, ಬುಡಕ್ಕೆ ಎರಡೂ ಕೈ ಹಾಕಿ ನಮ್ಮ ಮನೆಯನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ನಾನು ಚೀರಿದೆ. "ಆವಾಗ ಸರಕಾರದವರು ನೀರ ಬಿಡ್ತೇವಿ ಅಂದ್ರ ಹೂಂ ಅಂತ ಎದ್ದು ಬಂದ್ವಿ. ಈಗ ನನ್ನ ಹೊಟ್ಟ್ಯಾಗ ಹುಟ್ಟಿದಾಕೀನ ನೀರ ಬಿಡಾಕತ್ತಾಳ" ಅಂದಳು.

ಆಮೇಲೆ ಯಾರನ್ನು ತಡೆಯಲಿ? ನೋಡಲು ಬಂದಿದ್ದ ನಮ್ಮ ಹಳೇ ಊರಿನವರೆಲ್ಲ ಹಗ್ಗ ದಾಟಿದರು. ಬಸಯ್ಯ ಮಾಸ್ತರರು ತಮ್ಮ ಮನೆಯನ್ನು ಟೊಪ್ಪಿಗೆಯಲ್ಲಿಟ್ಟುಕೊಂಡರು. ನಜೀರಸಾಬರು ಅಂಗಡಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. ನೋಡ ನೋಡುತ್ತಲೇ ಊರು ಖಾಲಿ! ನಾನು ನಳದ ಮೇಲೆ ಕೈಯಿಟ್ಟು ದಂಗಾಗಿ ನಿಂತಿದ್ದೆ. ನೀರು ಬಿಡಲೇ ಇಲ್ಲ.

ಮನೆಗೆ ಬಂದು ನೋಡಿದರೆ ಅವ್ವನ ಉಡಿಯಲ್ಲಿ ಎರಡು ಮನೆ. ಒಂದು ನಮ್ಮದು, ಇನ್ನೊಂದು ನಿಮ್ಮದು! ಊರು ಮುಳುಗುವ ಮುಂಚೆ ಮನೆ ಕಿತ್ತು ಬರುವಾಗ ನಮ್ಮೆರಡೂ ಮನೆಗಳ ನಡುಗೋಡೆಯ ಮೇಲಿನ ತೊಲೆ ಯಾರದೆಂದು ಜಗಳಾಡಿದ ಅವ್ವ, ಚಿಗವ್ವ ಇವತ್ತಿನವರೆಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅವರದ್ಯಾಕೆ ತಂದೆ ಎಂದು ಕೇಳಿದೆ. "ಗ್ವಾಡಿ ಒಂದ ಐತಿ. ಬಿಡಿಸಿದ್ರ ಎರಡೂ ಬೀಳ್ತಾವು. ಅದಕ್ಕ ತಂದೇನಿ, ಬ್ಯಾರೆ ಏನಿಲ್ಲ" ಅಂತ ಮುಖ ತಿರುಗಿಸಿದಳು.

ಸಿಟ್ಟು ಬರಬೇಕಿತ್ತು ಮುಮ್ತಾಜ. ಅಳು ಬಂತು.

ನಿನ್ನ ಓಣಿಯವಳು,
ಮಹೇಶ್ವರಿ

ತಾ.ಕ.: ಬೆಳಗಿನಿಂದ ಅವ್ವ ಒದ್ದೆ ಅರಿವೆ ಹಿಡಿದು ನಡುಗೋಡೆ ಬಿರಿಯದಂತೆ ಒರೆಸುತ್ತಿದ್ದಾಳೆ, ನಿಮ್ಮ ಕಡೆಯಿಂದಲೂ. ಚಿಗವ್ವನಿಗೆ ತಿಳಿಸಬೇಡ ಎಂದಿದ್ದಾಳೆ. ಈ ಸಾಲನ್ನು ಚಿಗವ್ವನಿಗೆ ಜೋರಾಗಿ ಓದಿ ಹೇಳು.